ಸೀಗೆಪುಡಿ ಹಾಕಿ ತೊಳೆದ ಸೀಟು

ಆಗಿನ ದಸರಾ ರಜೆ ಎಂದರೆ ನಿಮಗೆಲ್ಲ ಬೊಂಬೆ, ಕಡಲೆ ಉಸಲಿ, ಜಂಬೂಸವಾರಿ ನೆನಪಾಗಬಹುದು. ನನಗೆ ಮೊದಲು ನೆನಪಾಗುವುದು ದೂಳು. ಅಗ್ರಹಾರದ ನಮ್ಮ ಮನೆಯ ಜಗುಲಿಯೇ ಅಪ್ಪನ ಅಂಗಡಿ. ಅಪ್ಪ ಕಾರಿನ ಸೀಟು ಹೊಲಿಯುತ್ತಿದ್ದರು. ಆಯುಧಪೂಜೆ ಹತ್ತಿರ ಬಂತೆಂದರೆ ಸಾಕು, ಊರಿನವರಿಗೆಲ್ಲ ತಮ್ಮ ಸೀಟು ಹರಿದಿರುವುದು ಒಟ್ಟಿಗೇ ಕಣ್ಣಿಗೆ ಬೀಳುತ್ತಿತ್ತು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಯಾದವಗಿರಿಯ ಬಂಗಲೆಯೊಂದರಿಂದ ಬಹಳ ಹಳೇ ಕಾರಿನ ಸೀಟುಗಳು ಬಂದವು. ಒಳಗೆ ಸ್ಪ್ರಿಂಗಿನ ಮೇಲೆ ತುಂಬಿದ್ದುದು ಕುದುರೆ ಕೂದಲು. ಅದು ಗಂಟುಗಂಟಾಗಿ, ಮುಟ್ಟಿದರೆ ಪುಡಿ ಉದುರುತ್ತಿತ್ತು.

"ಇದನ್ನ ಬಿಸಾಕ್ಬುಟ್ಟು ಫೋಮ್ ಹಾಕ್ಕೊಡ್ತೀನಿ ಸ್ವಾಮಿ," ಎಂದರು ಅಪ್ಪ.

ಬಂಗಲೆಯ ಯಜಮಾನರು ಒಪ್ಪಲಿಲ್ಲ. "ನಮ್ಮ ತಂದೆಯವರು ಕೂತಿದ್ದ ಸೀಟು ಕಣಯ್ಯಾ. ಒಂದೆಳೆನೂ ಆಚೆ ಹೋಗ್ಕೂಡ್ದು. ಅದನ್ನೇ ಬಿಡಿಸಿ ತುಂಬು."

ಅಪ್ಪನಿಗೆ ದಮ್ಮಿನ ಕಾಯಿಲೆ. ದೂಳಿನ ಹತ್ತಿರ ಸುಳಿಯಬೇಡಿ ಎಂದು ಡಾಕ್ಟರು ಹೇಳಿಯಾಗಿತ್ತು. ಆದರೂ ಹಿತ್ತಲಲ್ಲಿ ಕೂತು ಕೋಲಿನಿಂದ ಆ ಕೂದಲನ್ನು ಬಡಿದರು. ನಾನೂ ತಮ್ಮನೂ ಅದರಲ್ಲೇ ಮೀಸೆ ಮಾಡಿ ಅಂಟಿಸಿಕೊಂಡು ಕುಣಿದೆವು. ಅಪ್ಪ ಕಂಬಕ್ಕೆ ಒರಗಿ ಉಸಿರಿಗೆ ಒದ್ದಾಡತೊಡಗಿದಾಗ ಮೀಸೆ ಕಿತ್ತೆಸೆದೆ.

"ಆ ಕೂದ್ಲು ನಿಮ್ಮನ್ನ ತಿಂದ್ಬುಡುತ್ತೆ ಕಣ್ರೀ," ಎಂದು ಅಮ್ಮ ಅತ್ತಳು.

ಉಳಿದದ್ದನ್ನು ಬಡಿಯುವ ಕೆಲಸ ನನ್ನ ಪಾಲಿಗೆ ಬಂತು. ನನಗೊಂದು ಉಪಾಯ ಹೊಳೆಯಿತು. ಕೂದಲು ತಾನೆ? ಶುಕ್ರವಾರ ಅಮ್ಮ ಸೀಗೆಪುಡಿ ಹಾಕಿ ತಿಕ್ಕಿದರೆ ನನ್ನ ತಲೆಯ ಎಂಥ ಕೊಳೆಯೂ ಬಿಡುತ್ತಿತ್ತು! ಮರುದಿನ ಅಪ್ಪ ರೆಕ್ಸಿನ್ ತರಲು ಹೋದಾಗ, ಅಮ್ಮ ಅರಿಶಿನ ಕುಂಕುಮಕ್ಕೆ ಹೊರಟಾಗ, ಹಂಡೆಯ ಬಿಸಿನೀರು ಬಗ್ಗಿಸಿ ಡಬ್ಬದ ಸೀಗೆಪುಡಿಯನ್ನೆಲ್ಲ ಸುರಿದು ಅಷ್ಟನ್ನೂ ತೊಳೆದೆ. ಮಹಡಿಯ ಮೇಲೆ ಹರವಿದೆ. ಸಂಜೆ ಮಳೆ ಬಂತು. ಗಾಬರಿಯಲ್ಲಿ ಎಲ್ಲವನ್ನೂ ಗೋಣಿಚೀಲಕ್ಕೆ ತುರುಕಿದೆ.

"ಬಡಿದಾಯ್ತೇನಮ್ಮಾ ಸುಧಾ?"

"ಆಯ್ತಪ್ಪ. ಒಂಚೂರೂ ದೂಳಿಲ್ಲ ನೋಡಿ."

ಪೂಜೆಗೆ ಎರಡೇ ದಿನ ಉಳಿದಿತ್ತು. ನೆಗಡಿಯಿಂದ ಅಪ್ಪನ ಮೂಗು ಕಟ್ಟಿತ್ತು. ಅವರು ಮೇಲಿನ ರೆಕ್ಸಿನ್ ಹೊಲಿಯುತ್ತಾ ಬಂದರು. ಸೀಟಿನ ಮೂಲೆಗಳಿಗೆ ಕೂದಲು ತುಂಬುವುದು ನನ್ನ ಕೆಲಸ, ನನ್ನ ಕೈ ಸಣ್ಣದಲ್ಲವೇ. ಚೀಲದ ಬುಡದ ಕೂದಲು ಇನ್ನೂ ಹಸಿಯಾಗಿತ್ತು. ಅದು ನನ್ನ ಬೆರಳಿಗೆ ಗೊತ್ತಾಯಿತು. ಬೈಸಿಕೊಳ್ಳುವ ಭಯಕ್ಕೆ ಬಾಯಿ ಬಿಡಲಿಲ್ಲ.

ದೀಪಾವಳಿ ಕಳೆಯುವಷ್ಟರಲ್ಲಿ ಸೀಟುಗಳು ವಾಪಸು ಬಂದವು. "ಕಾರಿನ ಬಾಗಿಲು ತೆಗೆದ್ರೆ ವಾಂತಿ ಬರುತ್ತೆ!" ಎಂದು ಯಜಮಾನರು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದರು. ಅಪ್ಪ ಹೊಲಿಗೆ ಬಿಚ್ಚಿದರು. ಒಳಗೆಲ್ಲ ಕಪ್ಪು ಬೂಷ್ಟು. ಒಂದು ಹಿಡಿ ಎತ್ತಿ ಮೂಸಿದರು. ಮೂಸಿ, ತಲೆ ಎತ್ತಿ ನನ್ನ ಕಡೆ ನೋಡಿದರು. ಜಡೆಯ ತುದಿ ಕಚ್ಚಿಕೊಂಡು ನಾನು ಬಾಗಿಲಲ್ಲಿ ನಿಂತಿದ್ದೆ.

"ನಂದೇ ತಪ್ಪು ಸ್ವಾಮಿ. ಸರಿಯಾಗಿ ಒಣಗುಸ್ಲಿಲ್ಲ. ಮತ್ತೆ ಮಾಡ್ಕೊಡ್ತೀನಿ."

ಮುಖಕ್ಕೆ ಟವೆಲ್ ಸುತ್ತಿಕೊಂಡು ಎಂಟು ದಿನ ಆ ಬೂಷ್ಟನ್ನು ಬಡಿದರು. ನನ್ನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. "ನೀನು ಒಳಗೋಗು ಮಗಳೇ, ದೂಳು," ಎಂದಷ್ಟೇ ಹೇಳಿದರು. ಸೀಟು ಕೊಟ್ಟು ಬಂದವರು ಹಾಸಿಗೆ ಹಿಡಿದರು. ಶಿವರಾತ್ರಿಗೆ ಅಪ್ಪ ಇರಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಹೋದ ದಸರಾದಲ್ಲಿ, ಹಳೇ ಕಾರುಗಳನ್ನು ಸಾಲಾಗಿ ನಿಲ್ಲಿಸಿದ್ದ ಕಡೆ ಆ ಕಾರನ್ನು ಕಂಡೆ. ಯಜಮಾನರ ಮಗ ಬಾಗಿಲು ತೆಗೆದು, "ಕೂತ್ಕೊಳ್ಳಿ ಮೇಡಂ, ಸೀಟೊಳಗಡೆ ಈಗ್ಲೂ ಹಳೇ ಕುದುರೆ ಕೂದ್ಲೇ ಇರೋದು," ಎಂದು ಹೆಮ್ಮೆಪಟ್ಟರು. ಕೂರಲಾಗಲಿಲ್ಲ. ಬಗ್ಗಿ ಮೂಲೆಯನ್ನು ಒತ್ತಿ ನೋಡಿದೆ. ಗಟ್ಟಿಯಾಗಿತ್ತು, ಬೆಚ್ಚಗೆ ಒಣಗಿತ್ತು.

ನಮ್ಮ ಜಗುಲಿಯಲ್ಲೀಗ ಮೊಬೈಲ್ ರಿಪೇರಿ ಅಂಗಡಿ. ಅಪ್ಪನ ಡೊಂಕು ಸೂಜಿಗಳು ಎಲ್ಲಿ ಹೋದವೋ. ನಾನು ಇಂದಿಗೂ ತಲೆಗೆ ಸೀಗೆಪುಡಿ ಹಾಕುವುದಿಲ್ಲ. ಅವತ್ತು ಕೆನ್ನೆಗೆರಡು ಬಾರಿಸಬಾರದಿತ್ತೇ ಅಪ್ಪ? ಅತ್ತು, ತಪ್ಪಾಯ್ತಪ್ಪ ಎಂದುಬಿಡುತ್ತಿದ್ದೆ. ಆ ಮಾತನ್ನು ನಾನು ಇನ್ನೂ ಯಾರಿಗೂ ಹೇಳಿಲ್ಲ.