ದೇವದಾರು ಬೇಲಿಯ ಕಾಯಿಗಳು

ಏನು ಕಂಡರೂ 'ಇಸ್ಸಿ' ಎಂದು ಮುಖ ಸಿಂಡರಿಸುತ್ತಿದ್ದುದಕ್ಕೆ ಬೀದಿಯ ಮಕ್ಕಳು ಅವರಿಗೆ ಇಟ್ಟ ಹೆಸರು ಇಸ್ಸಿ ಮಾಮ. ಮಕ್ಕಳ ಬಾಯಿಂದ ಅದು ದೊಡ್ಡವರ ನಾಲಗೆಗೂ ಅಂಟಿತು. ಎಷ್ಟು ಉಜ್ಜಿದರೂ ಹೋಗದ ಕಲೆ ಎಂದರೆ ಅದೊಂದೇ ಎಂದು ಅವರ ಹೆಂಡತಿ ನಗುತ್ತಿದ್ದರು.

ಕಲೆ ತೆಗೆಯುವುದೇ ಅವರ ಕಸುಬು. ಬೆಟ್ಟದ ಮೇಲಿನ ಚಳಿಯ ಊರಿನಲ್ಲಿ ಮೂವತ್ತೆರಡು ವರ್ಷದಿಂದ ಡ್ರೈಕ್ಲೀನಿಂಗ್ ಅಂಗಡಿ. ಊರಿನವರೆಲ್ಲ ತಮ್ಮ ಕೊಳೆಯನ್ನು ಗಂಟು ಕಟ್ಟಿ ತಂದು ಇವರ ಕೌಂಟರಿನ ಮೇಲೆ ಇಟ್ಟು ಕೈತೊಳೆದುಕೊಳ್ಳುವರು. ಬೇರೆಯವರು ಮನುಷ್ಯನನ್ನು ಮುಖ ನೋಡಿ ಅಳೆದರೆ ಇವರು ಕಾಲರು ತಿರುವಿ ಅಳೆಯುತ್ತಿದ್ದರು. ಸಭೆಯಲ್ಲಿ ಶುಚಿತ್ವದ ಮೇಲೆ ಭಾಷಣ ಬಿಗಿಯುವವರ ಕಂಕುಳು ಹೇಗಿರುತ್ತದೆ, ಯಾವ ಡಾಕ್ಟರು ಉಂಡ ಮೇಲೆ ತೋಳಿಗೆ ಬಾಯಿ ಒರೆಸುತ್ತಾರೆ, ಎಲ್ಲ ಗೊತ್ತು. ಇದನ್ನು ಬರೆಯುತ್ತಿರುವವನ ಕೋಟಿನ ಜೇಬಿನಲ್ಲಿ ಒಮ್ಮೆ ಅರ್ಧ ಚೀಪಿದ ಪೆಪ್ಪರಮಿಂಟು ಸಿಕ್ಕಿತ್ತಂತೆ. ಅಂದಿನಿಂದ ಅವನು ಎದುರು ಬಂದರೆ ಇಸ್ಸಿ ಮಾಮ ಬೀದಿ ದಾಟಿ ಆ ಕಡೆ ನಡೆಯುತ್ತಾರೆ.

ಈ ಹೇಸಿಗೆಯೆಲ್ಲ ಅಂಗಡಿಯ ಬಾಗಿಲು ಹಾಕಿದಾಗ ಮುಗಿದಿದ್ದರೆ ಬದುಕು ಹೇಗೋ ನಡೆಯುತ್ತಿತ್ತು. ಆದರೆ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಬಂದರೆ ಎದುರಿಗೆ ಪಕ್ಕದ ಮನೆಯ ಜಗಲಿ, ಜಗಲಿಯ ಮೇಲೆ ಬೀಗ ರಿಪೇರಿಯವನು. ಮಡಿಲಲ್ಲಿ ಕೀಲಿಕೈಗಳ ದೊಡ್ಡ ಗೊಂಚಲು. ಅದರಲ್ಲಿ ಒಂದನ್ನು ಆರಿಸಿ ಕಿವಿಗೆ ಹಾಕಿ, ಕಣ್ಣು ಮುಚ್ಚಿ, ಒಳಗೇನೋ ಬೀಗ ತೆರೆಯುವವನಂತೆ ತಿರುಗಿಸುವನು. ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡುವನು. ಲುಂಗಿಗೆ ಒರೆಸಿ ಮುಂದಿನ ಕೀಲಿಕೈ.

"ಆ ಕೀಲಿಕೈನೇ ಆಮೇಲೆ ಗಿರಾಕಿಗಳ ಕೈಗೆ ಕೊಡ್ತಾನೆ ಕಣೇ," ಎಂದು ಇಸ್ಸಿ ಮಾಮ ಕಾಫಿ ಚೆಲ್ಲಿ ಒಳಗೆ ಬರುವರು.

"ನೀವ್ಯಾಕ್ರೀ ಅವರ ಕಿವಿ ನೋಡೋಕೆ ಹೋಗ್ತೀರಾ? ಅವರ ಕಿವಿ, ಅವರ ಕೀಲಿಕೈ," ಎಂದು ಹೆಂಡತಿ.

ನೋಡದೆ ಇರುವುದಕ್ಕೆಂದೇ ಹುಟ್ಟಿದ್ದು ದೇವದಾರು ಬೇಲಿ. ಎರಡಡಿಗೊಂದರಂತೆ ಹದಿನೆಂಟು ಸಸಿ. ಇಸ್ಸಿ ಮಾಮ ದಾರ ಕಟ್ಟಿ ನೇರ ನೋಡಿ ನೆಟ್ಟರು. ಬುಡಕ್ಕಷ್ಟೇ ನೀರು, ಎಲೆಯ ಮೇಲೆ ಹನಿ ಬಿದ್ದರೆ ಒಣಬಟ್ಟೆಯಲ್ಲಿ ಒತ್ತಿ ತೆಗೆಯುತ್ತಿದ್ದರು. ಕತ್ತರಿಸುವುದು ಅಂಗಡಿಯ ಕತ್ತರಿಯಿಂದಲೇ, ತುದಿ ಮಾತ್ರ, ನೂಲು ಕತ್ತರಿಸಿದ ಹಾಗೆ. ಐದನೆಯ ವರ್ಷಕ್ಕೆ ಬೇಲಿ ತಲೆಯೆತ್ತರ ದಾಟಿತು. ಜಗಲಿ ಮಾಯವಾಯಿತು. ಅವರು ಮೊದಲ ಸಲ ಹಿತ್ತಲಿನಲ್ಲಿ ನಿಂತು ಲೋಟದ ತಳ ಕಾಣುವವರೆಗೆ ಕಾಫಿ ಕುಡಿದರು.

ಆರನೆಯ ವರ್ಷ ಬೇಲಿ ಕಾಯಿ ಬಿಟ್ಟಿತು. ಹೆಬ್ಬೆರಳಿನ ಉದ್ದ, ಕಂದು ಬಣ್ಣ, ಮೈತುಂಬ ಒಣ ಎಲೆಯ ಹೊದಿಕೆ, ಕೊಂಬೆಗಳಲ್ಲಿ ಜುಮುಕಿಯಂತೆ ತೂಗಾಟ. ಇಸ್ಸಿ ಮಾಮನಿಗೆ ಮೊಮ್ಮಗ ಹುಟ್ಟಿದಷ್ಟು ಹಿಗ್ಗು.

"ರೀ, ಮೊನ್ನೆ ಈ ಕಾಯಿ ಮೇಲಿನ ಕೊಂಬೇಲಿತ್ತು," ಎಂದರು ಹೆಂಡತಿ.

"ನಿನ್ನ ಕನ್ನಡಕ ಬದಲಾಯಿಸ್ಬೇಕು."

"ಕನ್ನಡಕ ಬದಲಾಯಿಸಿದ್ರೆ ಕಾಯಿ ವಾಪಸ್ ಮೇಲೆ ಹೋಗುತ್ತಾ?"

ಉಣ್ಣೆ ತಿನ್ನುವ ಹುಳ ದೇವದಾರಿನ ವಾಸನೆಗೆ ಹತ್ತಿರ ಸುಳಿಯುವುದಿಲ್ಲ ಎಂದು ಬಟ್ಟೆಯ ಕಸುಬಿನವರು ಹೇಳುವುದುಂಟು. ಇಸ್ಸಿ ಮಾಮ ಚಳಿಗಾಲದ ಕೊನೆಗೆ ನಲವತ್ತು ಕಾಯಿ ಕಿತ್ತರು. ಒಗೆದು ಇಸ್ತ್ರಿ ಮಾಡಿದ ಒಂದೊಂದು ಉಣ್ಣೆ ಕೋಟಿನ ಜೇಬಿಗೂ ಒಂದೊಂದು ಹಾಕಿ, "ನಮ್ಮ ಬೇಲಿಯದು, ಪುಕ್ಕಟೆ" ಎಂದು ಗಿರಾಕಿಗಳಿಗೆ ಕೊಟ್ಟರು. ಜೀವಮಾನದಲ್ಲಿ ಅವರು ಯಾರಿಗಾದರೂ ಏನಾದರೂ ಪ್ರೀತಿಯಿಂದ ಕೊಟ್ಟದ್ದು ಅದೇ ಮೊದಲು.

ಎರಡು ತಿಂಗಳ ಮೇಲೆ ಶಾಲೆಯ ಹೆಡ್‌ಮಿಸ್ಸು ಅಂಗಡಿಗೆ ಬಂದರು. ಕೋಟನ್ನು ಪ್ಲಾಸ್ಟಿಕ್ ಬಕೆಟಿನಲ್ಲಿ ಹಾಕಿ ಮುಚ್ಚಳ ಬಿಗಿದು ತಂದಿದ್ದರು.

"ನೀವು ಕೊಟ್ಟ ಕಾಯಿ ಮರಿ ಹಾಕಿದೆ," ಎಂದರು.

ಮುಚ್ಚಳ ತೆಗೆದರೆ ಜೇಬಿನ ಬಾಯಿಂದ ಎಳ್ಳಿಗಿಂತ ಸಣ್ಣ ಹುಳುಗಳು ನೂರಾರು, ಒಂದೊಂದೂ ಹಿಂಭಾಗ ಮೇಲೆತ್ತಿಕೊಂಡು, ನೂಲು ಬಿಡುತ್ತ, ಕಾಲರಿನತ್ತ ಹೊರಟಿದ್ದವು. "ಬೀರು ತೆಗೆದು ಜೇಬಿಗೆ ಕೈ ಹಾಕಿದೆ ನೋಡಿ," ಎಂದು ಹೆಡ್‌ಮಿಸ್ಸು ಆ ಕೈಯನ್ನು ಮೈಯಿಂದ ದೂರ ಹಿಡಿದೇ ಮಾತಾಡಿದರು. "ಇಸ್ಸಿ ಅನ್ನೋದು ಇನ್ಮೇಲೆ ನಮ್ಮ ಸರದಿ."

ಇಸ್ಸಿ ಮಾಮ ಅಂಗಡಿ ಮುಚ್ಚಿ, ಬೇಲಿಯಿಂದ ಒಂದು ಕಾಯಿ ಕಿತ್ತು ಚಿಮುಟದಲ್ಲಿ ಹಿಡಿದು ಸಸಿ ಮಾರಿದ ನರ್ಸರಿಯವನಲ್ಲಿಗೆ ಓಡಿದರು. ಅವನು ಅದನ್ನು ಉಗುರಿನಿಂದ ಸೀಳಿದ. ಒಳಗೆ ಒಣಗಿದ ಸಿಪ್ಪೆ, ಅದರ ತುಂಬ ಹಳದಿ ಮೊಟ್ಟೆ.

"ಕಾಯಿಯಲ್ಲ ಸ್ವಾಮಿ, ಚೀಲದ ಹುಳ. ನಿಮ್ಮ ಎಲೇನೇ ತಿಂದು, ನಿಮ್ಮ ಎಲೇನೇ ಮೈಗೆ ಅಂಟಿಸ್ಕೊಂಡು, ಆ ಚೀಲದಲ್ಲೇ ಇರೋದು. ತಾಯಿ ಹೊರಗೆ ಬರೋದೇ ಇಲ್ಲ, ಒಳಗೇ ಮೊಟ್ಟೆ ಇಟ್ಟು ಒಳಗೇ ಸಾಯುತ್ತೆ. ಐನೂರು, ಸಾವಿರ ಮೊಟ್ಟೆ."

"ಔಷಧಿ ಹೊಡೀಲಾ?"

"ಈಗ ಚೀಲದೊಳಕ್ಕೆ ಇಳಿಯಲ್ಲ. ನೀವಂದ ಆ ಕೋಟಿನ ಜೇಬು ಬೆಚ್ಚಗಿತ್ತು, ಬೇಗ ಒಡೀತು. ಬೇಲೀಲಿರೋದು ಇನ್ನೊಂದು ಹತ್ತು ದಿನಕ್ಕೆ ಒಡೆಯುತ್ತೆ. ಅಷ್ಟರಲ್ಲಿ ಒಂದೊಂದನ್ನೂ ಕೈಯಲ್ಲೇ ಕಿತ್ತು ಸೋಪಿನ ನೀರಿಗೆ ಹಾಕಿ. ಎರಡೂ ಕಡೆ. ಉಳಿದ್ರೆ ಬೇಲಿ ಹೋಯ್ತು ಅಂತ್ಲೇ ತಿಳ್ಕೊಳ್ಳಿ. ದೇವದಾರು ಒಂದ್ಸಲ ಒಣಗಿ ಕಂದಾದ್ರೆ ಆ ಜಾಗ ಮತ್ತೆ ಚಿಗುರಲ್ಲ."

ಎರಡೂ ಕಡೆ ಎಂದರೆ ಆ ಕಡೆಯೂ. ನೋಡಬಾರದೆಂದೇ ಬೇಲಿ ಹಾಕಿದ ಜಗಲಿಗೆ ಇಸ್ಸಿ ಮಾಮ ಮರುದಿನ ತಾವಾಗಿಯೇ ಹೋಗಿ ನಿಂತರು. ಕೈಗೆ ಮೊಣಕೈವರೆಗಿನ ರಬ್ಬರ್ ಗವಸು, ಮೂಗಿಗೆ ಬಟ್ಟೆ.

"ಆಪರೇಷನ್ನಾ?" ಎಂದ ಬೀಗದವನು.

"ನಿಮ್ಮ ಕಡೆ ಬೇಲೀಲಿ ಹುಳ ಇದೆ. ಕೀಳ್ಬೇಕು."

"ಓ, ಆ ನಡೆಯೋ ಕಾಯಿಗಳಾ? ನಂಗೆ ಎರಡು ವರ್ಷದಿಂದ ಗೊತ್ತು. ಹೇಳೋಣ ಅಂದ್ರೆ ನೀವು ಬೇಲಿ ಹಾಕ್ಕೊಂಡು ಕೂತಿದ್ರಿ."

ಇಸ್ಸಿ ಮಾಮ ತಿರುಗಿ ನೋಡಿದರು. ತಮ್ಮ ಕಡೆಯಿಂದ ಇಸ್ತ್ರಿ ಹಾಕಿದಂತಿದ್ದ ಬೇಲಿ ಈ ಕಡೆಯಿಂದ ಹುಳ ತಿಂದ ಕಂಬಳಿಯಾಗಿತ್ತು. ನಡುವಿನ ಒಂದು ಗಿಡ ಎದೆಯಿಂದ ತಲೆಯವರೆಗೆ ಬರಿ ಕಂದು, ಅದರ ಮೇಲೆ ಚೀಲಗಳು ಕಿಕ್ಕಿರಿದು ಜೋತಿದ್ದವು. ಆರು ವರ್ಷ ಒರೆಸಿ ಸಾಕಿದ್ದು ಇದನ್ನು.

ಚೀಲಗಳು ಕೊಂಬೆಗೆ ರೇಷ್ಮೆಯಂಥ ನೂಲಿನಿಂದ ಬಿಗಿದುಕೊಂಡಿದ್ದವು. ಗವಸಿನ ಬೆರಳಿಗೆ ಜಾರುತ್ತಿದ್ದವು. ಚಿಮುಟದಲ್ಲಿ ಎಳೆದರೆ ಕೊಂಬೆಯೇ ಮುರಿದು ಬರುತ್ತಿತ್ತು. ಒಂದು ಗಂಟೆಯಲ್ಲಿ ಕಿತ್ತದ್ದು ಹನ್ನೊಂದು. ಬೀಗದವನು ಬರಿಗೈಯಲ್ಲಿ, ಕೀಲಿಕೈ ತಿರುಗಿಸಿದ ಹಾಗೆ ಒಂದು ಸುತ್ತು ತಿರುಪಿ, ಸೋಪಿನ ನೀರಿನ ಡಬ್ಬಿಯನ್ನು ಅರ್ಧ ತುಂಬಿದ್ದ. ನಡುನಡುವೆ ಕಿರುಬೆರಳು ಕಿವಿಗೂ ಹೋಗಿ ಬರುತ್ತಿತ್ತು.

"ತಿರುಪ್ಬೇಕು ಸ್ವಾಮಿ, ಎಳೀಬಾರದು. ಗವಸು ಬಿಚ್ಚಿ."

"ಆಗಲ್ಲ."

"ಸರಿ ಬಿಡಿ. ನಂಗೇನು, ಬೇಲಿ ಇಲ್ದಿದ್ರೂ ನಡೆಯುತ್ತೆ."

ಇಸ್ಸಿ ಮಾಮ ಗವಸು ಬಿಚ್ಚಿದರು. ಬೆರಳ ನಡುವೆ ಮೊದಲ ಚೀಲ ಮೆತ್ತಗೆ ಅಮುಕಿದಾಗ ಒಳಗಿದ್ದದ್ದು ಉಗುರಿನ ಸಂದಿಗೆ ಬಂತು. ಅವರು ಎರಡು ಹೆಜ್ಜೆ ಆಚೆ ಹೋಗಿ ಕಕ್ಕಿದರು, ಬಾಯಿ ಒರೆಸಿಕೊಂಡರು, ಬಂದು ಎರಡನೆಯದಕ್ಕೆ ಕೈ ಹಾಕಿದರು. ಬಾಯಿ ಒರೆಸಿದ್ದು ತೋಳಿಗೆ. ಅದು ಅವರಿಗೆ ಗೊತ್ತಾದದ್ದು ಸಂಜೆ ಅಂಗಿ ಬಿಚ್ಚಿದಾಗ.

ಒಂಬತ್ತು ದಿನ ಕಿತ್ತರು. ಹದಿನೇಳು ಗಿಡ ಉಳಿದವು. ನಡುವಿನದನ್ನು ಬುಡಕ್ಕೆ ಕತ್ತರಿಸಬೇಕಾಯಿತು. ಆ ಕಿಂಡಿಯಿಂದ ಜಗಲಿ ನೇರ ಕಾಣುತ್ತಿತ್ತು, ಚೌಕಟ್ಟು ಹಾಕಿದ ಫೋಟೋದ ಹಾಗೆ.

ಮರುದಿನ ಬೆಳಿಗ್ಗೆ ಇಸ್ಸಿ ಮಾಮ ಕಾಫಿ ಹಿಡಿದು ಬಂದರೆ, ಬೀಗದವನು ಕಿವಿಯಲ್ಲಿ ಕೀಲಿಕೈ ಸಿಕ್ಕಿಸಿಕೊಂಡೇ ಕಿಂಡಿಯವರೆಗೆ ನಡೆದು ಬಂದ. ಎರಡು ಬೆರಳಿನಲ್ಲಿ ಏನೋ ಇತ್ತು.

"ಇನ್ನೊಂದು ಸಿಕ್ತು ಕಣ್ರೀ. ಎಲೆ ಮರೇಲಿತ್ತು. ತಗೊಳ್ಳಿ."

ಇಸ್ಸಿ ಮಾಮ ಆ ಬೆರಳನ್ನು ನೋಡಿದರು, ಆ ಕಿವಿಯನ್ನು ನೋಡಿದರು. ಸೋಪಿನ ನೀರಿನ ಡಬ್ಬಿ ಒಳಗಿತ್ತು. ಬಲಗೈಯಲ್ಲಿ ಲೋಟ ಇತ್ತು.

"ಇಸ್ಸಿ," ಎಂದು ಎಡಗೈ ಚಾಚಿದರು.