ನಿಲ್ಲದ ಯಂತ್ರದ ಬಾಲಚಂದ್ರ

ಜಾದವ್‌ಪುರದಲ್ಲಿ ಓಂಕಾರಪ್ಪನವರ ಕಂಪ್ಯೂಟರ್ ಕಚೇರಿಯ ಸರ್ವರ್ ನೋಡಿಕೊಳ್ಳುತ್ತಿದ್ದವನು ಉಡುಪಿ ಕಡೆಯ ಬಾಲಚಂದ್ರ. ತಂದೆ ಬಾಲಿಗಂಜಿನ ಹೋಟೆಲಿನಲ್ಲಿ ದೋಸೆ ಹೊಯ್ದು ಓದಿಸಿದರು. ಮಗ ಓದಿ ಜಂಬ ಕಲಿತ. ಅವನ ಯಂತ್ರ ವರ್ಷದಿಂದ ಒಮ್ಮೆಯೂ ನಿಂತಿರಲಿಲ್ಲ. ಆ ದಿನಗಳ ಲೆಕ್ಕವನ್ನು ಪರದೆಯ ಮೇಲೆ ತಂದು, ಬಂದವರಿಗೆಲ್ಲ ಮೊಮ್ಮಗನ ಹಲ್ಲು ತೋರಿಸಿದ ಹಾಗೆ ತೋರಿಸುತ್ತಿದ್ದ.

2003ರ ವಿಶ್ವಕರ್ಮ ಪೂಜೆಯಂದು ಬೀದಿಯ ರಿಕ್ಷಾ, ಪ್ರಿಂಟಿಂಗ್ ಪ್ರೆಸ್ಸು ಎಲ್ಲಕ್ಕೂ ವಿಶ್ರಾಂತಿ.

"ಇವತ್ತಾದ್ರೂ ಅದನ್ನ ಆರ್ಸಪ್ಪಾ. ಅದೇನೋ ಪ್ಯಾಚ್ ಬಂದೈತಂತಲ್ಲ, ಹಾಕ್ಬಿಡು" ಎಂದರು ಓಂಕಾರಪ್ಪ.

"ಎಂತ ಸರ್, ನಿಲ್ಲಿಸಿದ್ರೆ ಲೆಕ್ಕ ಸೊನ್ನೆಗೆ ಬರ್ತದೆ!" ಬಾಲಚಂದ್ರ ಓಡುವ ಯಂತ್ರಕ್ಕೇ ಕುಂಕುಮ ಹಚ್ಚಿದ.

ಪ್ಯಾಚ್ ಎಂಬ ಆ ತೇಪೆ ಸುಮ್ಮನೆ ಬಂದಿರಲಿಲ್ಲ. ಯಂತ್ರವನ್ನು ಆಳುವ ಕರ್ನಲ್‌ನಲ್ಲೇ ದೋಷವಿತ್ತು. ಬೇರೆ ಕಂಪ್ಯೂಟರಿಗೆ ಸಣ್ಣ ಉತ್ತರ ಕಳಿಸುವಾಗ ಉಳಿದ ಜಾಗವನ್ನು ಅದು ಅಳಿಸುತ್ತಿರಲಿಲ್ಲ. ಮೆಮೊರಿಯಲ್ಲಿ ಬಿದ್ದಿದ್ದ ಯಾರದೋ ಬರಹದ ಚೂರು ಬಾಲ ಹಿಡಿದು ಹೊರಟುಬಿಡುತ್ತಿತ್ತು. ಎಂಜಲು ತಟ್ಟೆ ತೊಳೆಯದೆ ಮುಂದಿನವನಿಗೆ ಬಡಿಸಿದ ಹಾಗೆ. ಹೋಟೆಲಿನವರ ಮಗನಿಗೆ ಇದನ್ನೂ ಹೇಳಿಕೊಡಬೇಕೆ?

ಪೂಜೆಯ ರಜೆ ಕಳೆದ ಮೇಲೆ, ಟೈಪಿಂಗ್ ಮಾಡುವ ಮುಕ್ತಾ ಒಂದು ಟ್ಯೂಷನ್ ಕೇಂದ್ರಕ್ಕೆ ಸಿದ್ಧಪಡಿಸಿ ಸರ್ವರಿನಲ್ಲಿಟ್ಟಿದ್ದ ಪ್ರಶ್ನೆಗಳು ಪರೀಕ್ಷೆಗೆ ಮೊದಲೇ ಚಹಾದಂಗಡಿಯಲ್ಲಿ ಓಡಾಡಿದವು.

"ನನ್ನ ಯಂತ್ರ ಸೋರುದಿಲ್ಲ ಸರ್. ಮನುಷ್ಯರ ಬಾಯಿ ಸೋರ್ತದೆ" ಎಂದು ಬಾಲಚಂದ್ರ ಮುಕ್ತಾಳತ್ತ ನೋಡಿದ. ತನ್ನೆಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣ ತೋರಿಸುವ ಜಾತಿ.

"ಎಂತ ಬಾಲಣ್ಣ, ಬಾಯಿಗೆ ಬಂದ ಹಾಗೆ ಹೇಳ್ತೀರಿ? ಕೆಲಸ ಹೋಗ್ಲಿ, ಕಳ್ಳಿ ಅಂತ ಹೆಸರು ಬಂದ್ರೆ ಯಾರು ನನ್ನ ಒಳಗೆ ಸೇರಿಸ್ತಾರೆ?"

ಓಂಕಾರಪ್ಪ ತಲೆ ತಗ್ಗಿಸಿ, ಸಂಜೆಗೆ ಅವಳ ಸಂಬಳದ ಲೆಕ್ಕ ಮುಗಿಸಿ ಕಳಿಸಲು ಹೇಳಿದರು.

ಜೊತೆಯ ಕೆಲಸಗಾರ ಶ್ರೀವತ್ಸ ಪ್ಯಾಚಿನೊಂದಿಗೆ ಬಂದ ಎಚ್ಚರಿಕೆ ಓದಿದ್ದ. ಪಕ್ಕದ ಕಂಪ್ಯೂಟರಿನಿಂದ ಸರ್ವರನ್ನು ‘ಇದ್ದೀಯಾ?’ ಎಂದು ಸುಮ್ಮನೆ ಕೂಗಿ, ಬಂದ ಉತ್ತರಗಳ ಬಾಲಗಳನ್ನು ಮಾಲೀಕರ ಮುಂದಿಟ್ಟ. "ಸಾಲ್ಟ್ ಲೇಕಿನ ತಮ್ಮ ಕಂಪನಿಯಲ್ಲಿ" ಎಂದಿತ್ತು ಒಂದು ಚೂರು. "ಈಗಿನ ಮಾಲೀಕರಿಗೆ ಏನೂ ತಿಳಿಯದು" ಎಂದಿತ್ತು ಇನ್ನೊಂದು. ಬಾಲಚಂದ್ರ ಬೆಳಿಗ್ಗೆ ಆ ಯಂತ್ರದಲ್ಲೇ ಗುಟ್ಟಾಗಿ ಬರೆದ ಕೆಲಸದ ಅರ್ಜಿ! ಕಚೇರಿಯಿಂದಲೇ ಇಂಟರ್‌ನೆಟ್ ಕೇಬಲ್ ಎಳೆಸಿಕೊಂಡಿದ್ದ ಬೀದಿಯ ಹುಡುಗರು ಪ್ರಶ್ನೆಗಳನ್ನು ಹೆಕ್ಕಿದ್ದೂ ಹೀಗೆಯೇ.

"ಮುಕ್ತಾ, ನೀನೆಲ್ಲೂ ಹೋಗ್ಬೇಡಮ್ಮ" ಎಂದರು ಓಂಕಾರಪ್ಪ. "ಏನೂ ತಿಳಿಯದ ಮಾಲೀಕ ಹೇಳ್ತಾವ್ನೆ, ಆ ಯಂತ್ರ ನೀನೇ ಆರ್ಸು."

ಶ್ರೀವತ್ಸ ಪ್ಯಾಚ್ ಹಾಕಿದ. ಮುಕ್ತಾ ಗುಂಡಿ ಒತ್ತಿದಳು. ಪರದೆ ಕಪ್ಪಾಯಿತು. ಬಾಲಚಂದ್ರನ ಕಣ್ಣಲ್ಲಿ ನೀರಾಡಿತು. ಅವಳ ಕ್ಷಮೆ ಕೇಳುತ್ತಾನೆಂದು ಎಲ್ಲರೂ ಕಾದರು.

"ಇನ್ನೊಂದು ವಾರ ಬಿಟ್ಟಿದ್ರೆ ನಾನೂರು ದಿನ ತುಂಬ್ತಿತ್ತು" ಎಂದ.