ಗಿರಿಜಕ್ಕನ ಓಟಿಗೆ ನಾನು ಹೊಡೆದ ಸೀಲು

ಗಿರಿಜಕ್ಕನ ಬ್ಯಾಜು ಹೊರಗೆ ಕಾಣುತ್ತಿರಲಿಲ್ಲ. ಅವರ ಕಂದು ಬಣ್ಣದ ದೊಡ್ಡ ಕೈಚೀಲಕ್ಕೆ ಒಂದು ಮುಚ್ಚಳವಿತ್ತು. ಆ ಮುಚ್ಚಳದ ಒಳಬದಿಗೆ ಅದನ್ನು ಚುಚ್ಚಿಟ್ಟುಕೊಂಡಿದ್ದರು. ನೀಲಿ ಬಣ್ಣದ ದುಂಡನೆಯ ಬ್ಯಾಜು, ಅದರ ಮೇಲೆ ಅಮೆರಿಕದ ಅಧ್ಯಕ್ಷರಾಗಲು ಹೊರಟಿದ್ದ ಒಬ್ಬರ ಹೆಸರು. ಕನ್ನಡಕಕ್ಕೋ ಗುಳಿಗೆಗೋ ಚೀಲ ತೆರೆದಾಗ ಒಮ್ಮೆ ಕಾಣಿಸಿ ಮತ್ತೆ ಮುಚ್ಚಿಹೋಗುತ್ತಿತ್ತು. "ಒಳಗೆ ಯಾಕೆ ಅಕ್ಕ?" ಎಂದು ಒಮ್ಮೆ ಕೇಳಿದ್ದೆ. "ಇದು ಮಂದಿ ಮನಿ ತಮ್ಮಾ. ಮಂದಿ ಮನ್ಯಾಗ ಕುಂತು ನಮ್ಮ ಮನಿ ಜಗಳಾ ತಗೀಬಾರ್ದು" ಎಂದಿದ್ದರು.

ಆ ಅಭ್ಯರ್ಥಿಯ ಹೆಸರು ಇಲ್ಲಿ ಬೇಡ. ಗೆಲ್ಲುವವರಲ್ಲ ಎಂದು ಆಗಲೇ ಎಲ್ಲರೂ ಹೇಳುತ್ತಿದ್ದರು, ಗೆಲ್ಲಲೂ ಇಲ್ಲ. ನನಗೆ ನೆನಪಿರುವುದು ಗಿರಿಜಕ್ಕ.

ಅವರು ಗದಗಿನವರು. ನರ್ಸ್ ಆಗಿ ಅಮೆರಿಕಕ್ಕೆ ಹೋಗಿ, ಇಪ್ಪತ್ತು ವರ್ಷಕ್ಕೂ ಹೆಚ್ಚು ಅಲ್ಲಿ ದುಡಿದು, ಅಲ್ಲಿಯ ಪ್ರಜೆಯೂ ಆಗಿ, ಗಂಡ ತೀರಿಕೊಂಡ ಮೇಲೆ ಅರಬ್ ಎಮಿರೇಟ್ಸಿನ ಅಲ್ ಐನ್‌ನ ಒಂದು ಆಸ್ಪತ್ರೆಗೆ ಹೊಸ ನರ್ಸುಗಳಿಗೆ ಕಲಿಸಲು ಬಂದಿದ್ದರು. ನಾನು ಕಾರ್ಕಳದ ಕಡೆಯವನು, ಅಲ್ ಐನ್‌ನಲ್ಲೇ ಒಂದು ಟೈಪಿಂಗ್ ಸೆಂಟರಿನಲ್ಲಿ ಆಗ ಹದಿನೆಂಟು ವರ್ಷದಿಂದ ಕೂತವನು. ವೀಸಾ, ಐಡಿ, ಮನೆ ಬಾಡಿಗೆ ಕರಾರು, ಯಾವುದಕ್ಕೇ ಆಗಲಿ ಜನ ನಮ್ಮಲ್ಲಿಗೆ ಬರುತ್ತಾರೆ. ನಾವು ಅರಬಿಯಲ್ಲೂ ಇಂಗ್ಲಿಷಿನಲ್ಲೂ ಟೈಪ್ ಮಾಡುತ್ತೇವೆ, ಅವರು ತೋರಿಸಿದ ಕಡೆ ಸಹಿ ಹಾಕುತ್ತಾರೆ. ನಾವು ಸೀಲು ಹೊಡೆಯುತ್ತೇವೆ. ಸೀಲಿಲ್ಲದ ಕಾಗದವನ್ನು ಈ ದೇಶದಲ್ಲಿ ಯಾವ ಕೌಂಟರಿನವನೂ ಮುಟ್ಟುವುದಿಲ್ಲ ಎಂಬುದು ನಮ್ಮ ವೃತ್ತಿಯ ಮೊದಲ ಪಾಠ.

ಗಿರಿಜಕ್ಕ ಮೊದಲ ಸಲ ಬಂದಾಗ ನಾನು ತೋರಿಸಿದ ಕಡೆ ಸಹಿ ಹಾಕಲಿಲ್ಲ. ಕನ್ನಡಕ ಏರಿಸಿ ಫಾರಮನ್ನು ಓದತೊಡಗಿದರು. ಒಂದು ಬದಿ ಓದಿ, ತಿರುಗಿಸಿ, ಇನ್ನೊಂದು ಬದಿಯನ್ನೂ ಓದಿದರು. ಹಿಂದೆ ಆರು ಜನ ಸಾಲಿನಲ್ಲಿದ್ದರು. ನನಗೆ ತಾಳ್ಮೆ ತಪ್ಪಿ, "ಇವರೆಂತ ಪರೀಕ್ಷೆಗೆ ಓದುದಾ ಮಾರಾಯ" ಎಂದು ಪಕ್ಕದವನಿಗೆ ಮೆಲ್ಲಗೆ ಹೇಳಿದೆ. ಅವರು ಕಾಗದದಿಂದ ತಲೆ ಎತ್ತದೆ, "ಪರೀಕ್ಷಾ ನಂದಲ್ಲೋ, ನಿಂದು. ನಮ್ಮಪ್ಪನ ಹೆಸರು ತಪ್ಪು ಹೊಡದಿ" ಎಂದರು. ನೋಡಿದರೆ ಹೌದು, ತಪ್ಪಾಗಿತ್ತು. ಆ ಫಾರಮು ಹಾಗೇ ಹೋಗಿದ್ದರೆ ಅವರ ವೀಸಾ ಒಂದು ತಿಂಗಳು ಒದ್ದಾಡುತ್ತಿತ್ತು. ನಾನು ಹಲ್ಲು ಕಿರಿದು ಮತ್ತೆ ಟೈಪ್ ಮಾಡಿದೆ.

ಅಲ್ಲಿಂದ ಪರಿಚಯ ಬೆಳೆಯಿತು. ತಿಂಗಳಿಗೊಂದು ಶುಕ್ರವಾರ, ಅಲ್ಲಿಯ ವಾರದ ರಜೆಯ ದಿನ, ನನ್ನನ್ನೂ ಹೆಂಡತಿ ಶಶಿಕಲಾಳನ್ನೂ ಊಟಕ್ಕೆ ಕರೆಯುತ್ತಿದ್ದರು. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ನಮ್ಮ ಮಗ ರೊಟ್ಟಿಯನ್ನು ಪಿಜ್ಜಾದ ಹಾಗೆ ಕತ್ತರಿಸಿ ತಿನ್ನುತ್ತಿದ್ದರೆ ಅವರಿಗೆ ನಗು. ಎರಡು ಸಾವಿರದ ಹದಿನಾರರ ಚಳಿಗಾಲದಲ್ಲಿ ಊಟದ ಮೇಜಿನ ಅರ್ಧ ಭಾಗವನ್ನು ಪೋಸ್ಟ್ ಕಾರ್ಡುಗಳು ಹಿಡಿದುಕೊಂಡವು. ಅಮೆರಿಕದಲ್ಲಿ ತಮಗೆ ಗೊತ್ತಿದ್ದವರಿಗೆಲ್ಲ, ಕನ್ನಡದವರಿಗೆ ಕನ್ನಡದಲ್ಲಿ, ಉಳಿದವರಿಗೆ ಇಂಗ್ಲಿಷಿನಲ್ಲಿ, ತಮ್ಮ ಅಭ್ಯರ್ಥಿಗೆ ಓಟು ಕೊಡಿ ಎಂದು ಕೈಯಾರೆ ಬರೆಯುತ್ತಿದ್ದರು. ಅಚ್ಚು ಹಾಕಿಸಬಹುದಲ್ಲ ಎಂದರೆ, "ಲಗ್ನಕ್ಕ ಕರ್ಯೂದಾದ್ರ ಮನಿಗೆ ಹೋಗಿ ಕರೀತೀವಿಲ್ಲೋ?" ಎನ್ನುವರು.

ನನಗೆ ಈ ಚುನಾವಣೆ ಏನೆಂದೇ ಅರ್ಥವಾಗಿರಲಿಲ್ಲ. ಚುನಾವಣೆ ನವೆಂಬರಿನಲ್ಲಿ, ಈಗಲೇ ಯಾಕೆ ಓಟು? ಅವರು ರೊಟ್ಟಿ ತಟ್ಟುತ್ತಲೇ ವಿವರಿಸಿದರು. ಅಲ್ಲಿ ಪಕ್ಷದ ಕಡೆಯಿಂದ ಯಾರು ನಿಲ್ಲಬೇಕು ಎಂಬುದಕ್ಕೇ ಮೊದಲು ಒಂದು ಓಟು. ಒಂದೇ ಪಕ್ಷದವರು ನಾಲ್ಕೈದು ಜನ ನಿಲ್ಲುತ್ತಾರೆ, ಜನ ಒಬ್ಬರನ್ನು ಆರಿಸುತ್ತಾರೆ.

"ನಮ್ಮಲ್ಲಿ ಅದಕ್ಕೆ ಹೈಕಮಾಂಡ್ ಉಂಟಲ್ಲ ಅಕ್ಕ. ದಿಲ್ಲಿಯಿಂದ ಟಿಕೆಟ್ ಬರ್ತದೆ, ಮುಗೀತು" ಎಂದೆ.

"ಅಲ್ಲಿ ಟಿಕೆಟ್ ಕೊಡಾಕಿ ನಾನ" ಎಂದರು ಗಿರಿಜಕ್ಕ, ಹಿಟ್ಟಿನ ಕೈಯಿಂದ ತಮ್ಮ ಎದೆ ಮುಟ್ಟಿಕೊಂಡು. "ಅಲ್ ಐನ್ಯಾಗ ರೊಟ್ಟಿ ಬಡಿಯೂ ಮುದುಕಿ."

ಯಾಕೆ ಆ ಒಬ್ಬರೇ ಎಂದು ಶಶಿಕಲಾ ಕೇಳಿದಳು. ಗಿರಿಜಕ್ಕ ಬಹಳ ಹೇಳಲಿಲ್ಲ. ಅವರ ವಾರ್ಡಿನಲ್ಲಿ ಒಬ್ಬ ರೋಗಿ ಬಿಲ್ಲಿಗೆ ಹೆದರಿ, ಕೈಗೆ ಚುಚ್ಚಿದ್ದ ಡ್ರಿಪ್ ತಾನೇ ಕಿತ್ತುಕೊಂಡು ಎದ್ದು ಹೋಗಿದ್ದನಂತೆ. ಅಂಥವನು ಹಾಸಿಗೆ ಬಿಟ್ಟು ಏಳದಂತೆ ಮಾಡುತ್ತೇನೆ ಎಂದು ಇವರ ಅಭ್ಯರ್ಥಿ ಹೇಳಿದ್ದರು. "ಮಾಡ್ತಾರೋ ಬಿಡ್ತಾರೋ. ಅಂದರಲ್ಲ, ಅದಕ್ಕ ನನ್ನ ಓಟು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಓಟು ಎಲ್ಲೈತಿ?" ಎಂದು ಕೇಳಿದರು. ಎಲ್ಲಿಯೂ ಇರಲಿಲ್ಲ. ಊರಿನ ಪಟ್ಟಿಯಿಂದ ಹೆಸರು ಯಾವಾಗಲೋ ಹೋಗಿತ್ತು, ನಾನು ವಿಚಾರಿಸಿರಲಿಲ್ಲ. ದೇಶದ ರಾಜಕೀಯದ ಬಗ್ಗೆ ಮಾತ್ರ ದಿನಕ್ಕೆ ಎರಡು ಗಂಟೆ ಅಂಗಡಿಯಲ್ಲಿ ಭಾಷಣ ಬಿಗಿಯುತ್ತಿದ್ದೆ.

ಇನ್ನು ನನ್ನ ಘನಕಾರ್ಯಕ್ಕೆ ಬರುತ್ತೇನೆ. ಅಮೆರಿಕದಲ್ಲಿ ಅವರ ರಾಜ್ಯದ ಮತದಾನ ಒಂದು ಮಂಗಳವಾರ. ಅದಕ್ಕೆ ಎಂಟು ದಿನ ಮೊದಲು, ಸೋಮವಾರ ಮಧ್ಯಾಹ್ನ, ಗಿರಿಜಕ್ಕ ಅಂಗಡಿಗೆ ಬಂದರು. ಹೊರದೇಶದಲ್ಲಿ ಇರುವವರಿಗೆ ಮತಪತ್ರ ಇಮೇಲಿನಲ್ಲಿ ಬರುತ್ತದೆ. ಅದನ್ನು ಮುದ್ರಿಸಿ, ಗುರುತು ಹಾಕಿ, ಜೊತೆಗೊಂದು ಸಹಿ ಮಾಡಿದ ಹೇಳಿಕೆ, ಪಾಸ್‌ಪೋರ್ಟಿನ ಪ್ರತಿ ಇಟ್ಟು ಕಳಿಸಬೇಕು, ಮಂಗಳವಾರದೊಳಗೆ ಅಲ್ಲಿ ಮುಟ್ಟಬೇಕು. ಮನೆಯ ಪ್ರಿಂಟರು ಕೈಕೊಟ್ಟಿದ್ದರಿಂದ ನನ್ನಲ್ಲಿ ಮುದ್ರಿಸಿಕೊಂಡರು. ಮೂಲೆಯ ಕುರ್ಚಿಗೆ ಹೋಗಿ, ನಮಗೆ ಬೆನ್ನು ಹಾಕಿ ಕೂತು, ಗುರುತು ಹಾಕಿದರು. ಇಡೀ ಅಲ್ ಐನ್‌ಗೆ ಗೊತ್ತಿದ್ದ ಗುಟ್ಟನ್ನು ಅಷ್ಟು ಜೋಪಾನವಾಗಿ ಮುಚ್ಚಿದ್ದು ನೋಡಿ ನನಗೆ ನಗು ಬಂದಿತ್ತು. ಮೂರು ಕಾಗದಗಳನ್ನು ಮಗುಚಿ ಕೌಂಟರಿನ ಮೇಲಿಟ್ಟು, "ಲಕೋಟಿ ತರ್ತೀನಿ, ಇಲ್ಲೇ ಇರ್ಲಿ" ಎಂದು ಪಕ್ಕದ ಅಂಗಡಿಗೆ ಹೋದರು.

ನಾನು ಯಾರೊಡನೆಯೋ ಫೋನಿನಲ್ಲಿ ಮಾತಾಡುತ್ತಿದ್ದೆ. ಕಿವಿ ಫೋನಿನಲ್ಲಿತ್ತು, ಕೈ ಅದರ ಪಾಡಿಗೆ ಹದಿನೆಂಟು ವರ್ಷದ ಕೆಲಸ ಮಾಡಿತು. ಕಾಗದಗಳನ್ನು ನೆಟ್ಟಗೆ ಜೋಡಿಸಿತು, ತಿರುಗಿಸಿತು, ಒಂದೊಂದರ ಕೆಳಗಿನ ಮೂಲೆಗೂ ಸೀಲು ಹೊಡೆಯಿತು. ಪಾಸ್‌ಪೋರ್ಟಿನ ಪ್ರತಿಗೆ ಒಂದು, ಹೇಳಿಕೆಗೆ ಒಂದು, ಅಮೆರಿಕದ ಅಧ್ಯಕ್ಷರನ್ನು ಆರಿಸುವ ಮತಪತ್ರಕ್ಕೆ ಒಂದು. ಅರಬಿಯಲ್ಲೂ ಇಂಗ್ಲಿಷಿನಲ್ಲೂ ನಮ್ಮ ಅಂಗಡಿಯ ಹೆಸರು, ಲೈಸೆನ್ಸ್ ನಂಬರು, ನೀಲಿ ಶಾಯಿಯಲ್ಲಿ ಅಚ್ಚುಕಟ್ಟಾಗಿ ಮೂಡಿತು.

ಬಾಗಿಲಲ್ಲಿ ಗಿರಿಜಕ್ಕ ಲಕೋಟೆ ಹಿಡಿದು ನಿಂತಿದ್ದರು. ಅವರ ಮುಖ ನೋಡಿದ ಮೇಲೆ ನಾನು ಕೈಯನ್ನು ನೋಡಿದೆ. ಕೆಟ್ಟ ಮೇಲೆ ಬುದ್ಧಿ ಬಂತು.

"ಬ್ಯಾರೆ ಗುರುತಿದ್ದ ಚೀಟಿ ಲೆಕ್ಕಕ್ಕ ಹಿಡಿಯಂಗಿಲ್ಲೋ ಸದಾನಂದ" ಎಂದರು. ಅಷ್ಟೇ ಹೇಳಿ ಕುರ್ಚಿಯಲ್ಲಿ ಕೂತರು. ಬೈದಿದ್ದರೆ ಹಗುರವಾಗುತ್ತಿತ್ತು. ಆಮೇಲೆ ಅವರೇ, "ಒಂದು ಚಾ ತರಸು. ಐದಕ್ಕ ಅಲ್ಲಿ ಬೆಳಗಾಗಿ ಓಟಿನ ಆಫೀಸ್ ತಗೀತಾರ, ಫೋನ್ ಮಾಡೂಣು" ಎಂದರು. ಅಂಗಡಿಯ ಫೋನಿನಿಂದ ಮಾತಾಡಿದರು. ಆ ಕಡೆಯ ಹೆಂಗಸಿಗೆ ಟೈಪಿಂಗ್ ಸೆಂಟರು ಎಂದರೇನು, ಅದರವರು ಮತಪತ್ರಕ್ಕೆ ಯಾಕೆ ಸೀಲು ಹೊಡೆಯುತ್ತಾರೆ ಎಂದು ತಿಳಿಸಲು ಅರ್ಧ ಗಂಟೆ ಹಿಡಿಯಿತು. ಇವರು "ಅವನು ಒಳ್ಳೆಯ ಹುಡುಗ, ಅಭ್ಯಾಸಬಲ" ಎಂಬರ್ಥದ ಇಂಗ್ಲಿಷಿನಲ್ಲಿ ನನ್ನ ಪರವಾಗಿ ವಾದಿಸುವುದು ಕೇಳಿಸುತ್ತಿತ್ತು. ನನಗಾಗ ನಲವತ್ತೆರಡು ವರ್ಷ. ಕೊನೆಗೆ ಹಳೆಯದನ್ನು ರದ್ದು ಮಾಡಿ ಹೊಸದು ಕಳಿಸಲು ಆಕೆ ಒಪ್ಪಿದರು.

ಹೊಸದು ಬಂದದ್ದು ಗುರುವಾರ ಬೆಳಿಗ್ಗೆ. ಮರುದಿನ ಶುಕ್ರವಾರ, ಎಲ್ಲ ಬಂದ್. ಅಲ್ ಐನ್‌ನಲ್ಲಿ ಕೊರಿಯರಿಗೆ ಕೊಟ್ಟರೆ ಶನಿವಾರದ ವಿಮಾನ, ಮುಟ್ಟುವುದು ಬುಧವಾರ. ದುಬೈ ವಿಮಾನ ನಿಲ್ದಾಣದ ಹತ್ತಿರದ ಕೌಂಟರಿಗೆ ಮಧ್ಯಾಹ್ನ ಮೂರರೊಳಗೆ ಕೊಟ್ಟರೆ ಮಾತ್ರ ಅದೇ ದಿನದ ವಿಮಾನ. ಹೊಟ್ಟೆನೋವು ಎಂದು ಮಾಲೀಕನಿಗೆ ಹೇಳಿ ನಾನು ಕಾರು ತೆಗೆದೆ. ಗಿರಿಜಕ್ಕ ಅರ್ಧ ದಿನ ರಜೆ ಹಾಕಿ ಬಂದರು. ಈ ಸಲ ಮತಪತ್ರಕ್ಕೆ ಗುರುತು ಹಾಕುವ ಮೊದಲೇ ಸೀಲನ್ನು ಕೇಳಿ ತೆಗೆದುಕೊಂಡು ತಮ್ಮ ಚೀಲದಲ್ಲಿಟ್ಟುಕೊಂಡಿದ್ದರು.

ದಾರಿಯಲ್ಲಿ ಲಕೋಟೆ ಅವರ ತೊಡೆಯ ಮೇಲಿತ್ತು, ಎರಡೂ ಕೈ ಅದರ ಮೇಲೆ. ನಾನು ಮತ್ತೊಮ್ಮೆ ತಪ್ಪಾಯಿತು ಅಕ್ಕ ಎಂದೆ. ಅವರು ಕಿಟಕಿಯ ಹೊರಗೆ ಮರಳು ನೋಡುತ್ತಾ ಮಾತಾಡಿದರು.

"ನಮ್ಮವ್ವ ಸಾಲಿ ಕಲಿತಾಕಿ ಅಲ್ಲ. ಓಟಿನ ದಿವಸ ಮಾತ್ರ ಒಲಿ ಆರಿಸಿ, ಹೊಸಾ ಸೀರಿ ಉಟ್ಟು ಹೋಗಾಕಿ. ನಾ ಅಲ್ಲಿ ಪ್ರಜೆ ಆದಾಗ ನಮ್ಮ ಪಾಸ್‌ಪೋರ್ಟ್ ತಿರುಗಿ ಕೊಡಬೇಕಾತು. ಕೊಟ್ಟು ಮನಿಗೆ ಬಂದು ಎರಡು ದಿವಸ ಅತ್ತೆ. ಗದಗಿನ ಓಟು ಹೋತು ಅಂತ. ಪ್ರಮಾಣ ಮಾಡಿ ಹೊರಗ ಬರೂದಕ್ಕ ಬಾಗಲದಾಗ ಒಬ್ಬಾಕಿ ಫಾರಮ್ ಹಿಡ್ಕೊಂಡು ನಿಂತಿದ್ಲು, ಓಟಿಗೆ ಹೆಸರು ಬರಸ್ರಿ ಅಂತ. ಬರಸಿದೆ. ಅವ್ವ ಕೊಟ್ಟ ಓಟು ಬಿಟ್ಟು ತಗೊಂಡದ್ದು ಇದು. ಇದನ್ನೂ ಹಾಕಲಿಲ್ಲ ಅಂದ್ರ ನಾ ಅಲ್ಲೂ ಇಲ್ಲ, ಇಲ್ಲೂ ಇಲ್ಲ."

ಯಾವುದರ ಮೇಲೆ ಸೀಲು ಹೊಡೆದಿದ್ದೆ ಎಂಬುದು ಆಗ ಗೊತ್ತಾಯಿತು. ಕಾರಿನ ವೇಗ ಸ್ವಲ್ಪ ಹೆಚ್ಚಿಸಿದೆ, ಅವರು "ಕ್ಯಾಮೆರಾ ಐತಿ, ಸಾವಕಾಶ" ಎಂದರು.

ಕೌಂಟರು ತಲುಪಿದಾಗ ಎರಡೂವರೆ ಗಂಟೆ. ಅಲ್ಲಿಯ ಮಲಯಾಳಿ ಹುಡುಗಿ ಲಕೋಟೆಯೊಳಗೆ ಏನು, ಬೆಲೆ ಎಷ್ಟು ಎಂದು ಕೇಳಿದಳು. ಕಾಗದ ಎಂದೆವು. ಹಾಗಾದರೆ ಬೆಲೆಯಿಲ್ಲ ಎಂದು ಬರೆಯಲೇ ಎಂದಳು. ನಾನು ಗಿರಿಜಕ್ಕನ ಮುಖ ನೋಡಿದೆ. ಅವರು ಒಂದು ಕ್ಷಣ ಯೋಚಿಸಿ ನನಗೆ ಕನ್ನಡದಲ್ಲಿ, "ಬರೀಲಿ ಬಿಡು. ಖರೇನ ಐತಿ, ಮಾರೂ ಸಾಮಾನಲ್ಲ" ಎಂದರು. ರಸೀದಿಯನ್ನು ಎರಡೂ ಬದಿ ಓದಿ ಸಹಿ ಮಾಡಿದರು.

ಸೋಮವಾರ ಲಕೋಟೆ ಮುಟ್ಟಿತು. ಓಟು ಲೆಕ್ಕಕ್ಕೆ ಸಿಕ್ಕಿತು ಎಂಬ ಸಂದೇಶ ಬಂದಾಗ ಅಂಗಡಿಗೇ ಬಂದು ತೋರಿಸಿದರು, ಸೀಲನ್ನೂ ಹಿಂದಿರುಗಿಸಿದರು. ಆ ಅಭ್ಯರ್ಥಿ ಆ ರಾಜ್ಯದಲ್ಲಿ ಸೋತರು, ಕೆಲವು ವಾರಗಳಲ್ಲಿ ಕಣದಿಂದಲೇ ಹಿಂದೆ ಸರಿದರು. ಅಕ್ಕ ಬೇಜಾರಾಗಿರುತ್ತಾರೆ ಎಂದು ನಾವು ಅವರು ಸೋತ ವಾರದ ಶುಕ್ರವಾರ ಊಟಕ್ಕೆ ಹೋಗಲು ಹಿಂಜರಿದೆವು. ಹೋದರೆ ಶಾವಿಗೆ ಪಾಯಸ ಮಾಡಿದ್ದರು. "ಸೋತವರ ಮನ್ಯಾಗ ಒಲಿ ಹಚ್ಚಬಾರ್ದೇನು?" ಎಂದರು. ಪಾಯಸ ಬಡಿಸುವಾಗ ಮಾತ್ರ ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಂದು ಅವರ ಫ್ರಿಜ್ಜಿನ ಬಾಗಿಲಲ್ಲಿ ಒಂದು ಕಾಗದದ ಚೂರು ಕಂಡಿತು. ರದ್ದಾದ ಮತಪತ್ರವನ್ನು ಹರಿದು ಹಾಕುವಾಗ ನನ್ನ ಸೀಲಿದ್ದ ಮೂಲೆಯನ್ನಷ್ಟೇ ಉಳಿಸಿಕೊಂಡು ಅಂಟಿಸಿದ್ದರು. ಬಂದವರಿಗೆಲ್ಲ ತೋರಿಸುತ್ತಿದ್ದರಂತೆ. ಶಶಿಕಲಾ ನಕ್ಕಾಗ ನನ್ನ ಕಡೆ ಬೊಟ್ಟು ಮಾಡಿ, "ನಿನ್ನ ಗಂಡ ಜನ್ಮದಾಗ ಹಾಕಿದ್ದು ಇದೊಂದ ಓಟು. ಅದೂ ರದ್ದಾತು" ಎಂದರು.

ಚುಚ್ಚಿತು. ಮುಂದಿನ ವಾರವೇ ಹೊರದೇಶದಲ್ಲಿ ಇರುವವರು ಊರಿನ ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿ ತುಂಬಿದೆ. ಓಟಿಗೆ ಊರಿಗೇ ಹೋಗಬೇಕು ಎಂಬುದು ಗೊತ್ತಿದ್ದೂ ತುಂಬಿದೆ. ಗಿರಿಜಕ್ಕ ಅದನ್ನು ಓದಿ, ನನ್ನ ಅಪ್ಪನ ಹೆಸರಿನಲ್ಲಿ ತಪ್ಪಿಲ್ಲ ಎಂದು ಖಚಿತ ಮಾಡಿಕೊಂಡರು. "ಯಾರಿಗ ಹಾಕ್ತಿ ಅಂತ ನಾ ಎಂದೂ ಕೇಳಂಗಿಲ್ಲ. ಹಾಕಿದೇನು ಅಂತಷ್ಟ ಕೇಳ್ತೀನಿ" ಎಂದರು.

ಮರುವರ್ಷ ಅವರು ನಿವೃತ್ತರಾದರು. ವೀಸಾ ರದ್ದು ಮಾಡುವ ಫಾರಮನ್ನು ನಾನೇ ಟೈಪ್ ಮಾಡಬೇಕಾಯಿತು. ಅಷ್ಟು ನಿಧಾನವಾಗಿ ನಾನು ಯಾವ ಫಾರಮನ್ನೂ ಟೈಪ್ ಮಾಡಿದವನಲ್ಲ. ಅವರು ಎಂದಿನಂತೆ ಎರಡೂ ಬದಿ ಓದಿದರು, ಸಹಿ ಹಾಕಿದರು, ಕಾಗದವನ್ನು ನನ್ನ ಕಡೆ ಸರಿಸಿದರು. ನಾನು ಸೀಲಿಗೆ ಕೈ ಹಾಕಲಿಲ್ಲ. "ಈಗ ಹೊಡಿಯೋ ತಮ್ಮಾ. ಈಗ ಹೊಡೀಬೇಕು" ಎಂದರು. ಹೊಡೆದೆ. ಅಮೆರಿಕಕ್ಕೆ, ಮಗನ ಮನೆಗೆ ಹೋದರು. ಅವರನ್ನು ನೋಡಿದ್ದು ಅದೇ ಕೊನೆ. ಆರೇಳು ತಿಂಗಳಿಗೆ, ಹೃದಯಾಘಾತವಾಗಿ ತೀರಿಕೊಂಡರು ಎಂದು ಆ ಮಗ ಎರಡು ಸಾಲು ಬರೆದು ತಿಳಿಸಿದ.

ಅದಾಗಿ ಕೆಲವೇ ತಿಂಗಳಲ್ಲಿ ನಮ್ಮ ರಾಜ್ಯದ ಚುನಾವಣೆ ಬಂತು. ನಾಲ್ಕು ದಿನ ರಜೆ ಹಾಕಿ ಊರಿಗೆ ಹೋದೆ. ಇಷ್ಟಕ್ಕೇ ಬಂದದ್ದಾ ಎಂದು ಊರವರು ನಕ್ಕರು. ಶಾಲೆಯ ಜಗಲಿಯಲ್ಲಿ ಒಂದು ಗಂಟೆ ಸಾಲಿನಲ್ಲಿ ನಿಂತು, ಪಾಸ್‌ಪೋರ್ಟು ತೋರಿಸಿ, ಓಟು ಹಾಕಿದೆ. ಗುಂಡಿ ಒತ್ತುವ ಮೊದಲು ಹೆಸರುಗಳನ್ನೆಲ್ಲ ಮೇಲಿಂದ ಕೆಳಗಿನವರೆಗೆ ಪೂರ್ತಿ ಓದಿದೆ.

ಮರಳಿ ಬಂದು ಕೌಂಟರಿನಲ್ಲಿ ಕೂತಾಗ ಬೆರಳಿನ ಶಾಯಿ ಕಪ್ಪಾಗಿ ಎದ್ದು ಕಾಣುತ್ತಿತ್ತು. ಬಂದವರೆಲ್ಲ ಅದು ಸ್ಟ್ಯಾಂಪ್ ಪ್ಯಾಡಿನ ಶಾಯಿ ಎಂದುಕೊಂಡರು. ಒಬ್ಬ ಪಠಾಣ ಡ್ರೈವರು ಪಾಪ, ಒರೆಸಿಕೊಳ್ಳಲು ಟಿಶ್ಯೂ ಕೊಟ್ಟ. ಉಗುರು ಬೆಳೆದು ಆ ಗೆರೆ ತುದಿಗೆ ಬರುವಷ್ಟು ದಿನ ಕಾದೆ. ಹಾಕಿದೆಯೇನು ಎಂದು ಒಬ್ಬರೂ ಕೇಳಲಿಲ್ಲ.

ಹಾಕಿದೆ ಅಕ್ಕ.